ಕಾವಳದ ಲೆಕ್ಕ

ವಾಲ್ವಿಸ್ ಬೇಯಲ್ಲಿ ಕಾವಳ ಕಚೇರಿಗೂ ಬರುತ್ತದೆ,
ಕಿಟಕಿಯ ಸಂದಿಯಿಂದ, ಹೇಳದೆ ಕೇಳದೆ.
ನಾನು ಅದನ್ನು ಅಳೆಯುವವಳು.
ಮರಳಿನಲ್ಲಿ ಗಳು ನೆಟ್ಟು ಬಲೆ ಕಟ್ಟಿ
ಬಲೆಯಿಂದ ತೊಟ್ಟಿಕ್ಕಿದ್ದನ್ನು ಬರೆದಿಟ್ಟ
ಹತ್ತೊಂಬತ್ತು ವರ್ಷ
ನನ್ನ ಬೀಗದಕೈ ಗೊಂಚಲಲ್ಲಿ ನೇತಾಡುತ್ತಿದೆ,
ಹೆಬ್ಬೆರಳಿನಷ್ಟು ಪೆನ್‌ಡ್ರೈವ್.

ಲ್ಯಾಪ್‌ಟಾಪು ಬಂದರಿನ ಹರಾಜಿನದು. 'ಇ' ಗುಂಡಿ ಉದುರಿದೆ.
ವಿಂಡೋಸು ಅದರಲ್ಲಿ ಕಣ್ಣುಜ್ಜಿ ಏಳುವಷ್ಟರಲ್ಲಿ
ಹೊರಗೆ ಬಿಸಿಲು ಏರಿರುತ್ತದೆ.
"ಲಿನಕ್ಸ್ ಹಾಕು, ತ್ವಾಪೇವ" ಅಂದ ಉವಾಜೂವ.
"ಯಾವುದು?" ಅಂದೆ.
ಕೇಳಬಾರದಿತ್ತು.

ಅವನದು ಡೆಬಿಯನ್: ನಿಧಾನ, ಆದರೆ ಎಡವುವುದಿಲ್ಲವಂತೆ.
ಅವನ ಭಾವನದು ಆರ್ಚ್:
ಇಟ್ಟಿಗೆ ನೀನೇ ಸುಡು, ಗೋಡೆ ನೀನೇ ಕಟ್ಟು,
ಕುಸಿದರೆ ಓದಲಿಲ್ಲವೇ ಎಂದು ಬೈಸಿಕೊ.
ಮೀನು ಇಲಾಖೆಯ ಗುಡ್ರುನ್ ಫೆಡೋರಾದ ಮೇಲೆ ಆಣೆಯಿಟ್ಟಳು.
ಉಬುಂಟು ಎಂದವರು ನಾಲ್ವರು,
ಉಬುಂಟು ಮಾತ್ರ ಬೇಡ ಎಂದವರು ಐವರು,
ಇಬ್ಬರು ಎರಡೂ ಕಡೆ ಇದ್ದರು.

ನನ್ನ ಅಜ್ಜಿಯ ಭಾಷೆಯಲ್ಲಿ ಒಮುಂಟು ಅಂದರೆ ಮನುಷ್ಯ.
ಉಬುಂಟು ಆ ಮಾತಿನ ದಾಯಾದಿ.
ನೆಂಟಸ್ತಿಕೆ ನೋಡಿ ಒಳಗೆ ಕರೆದೆ.
ದಾಯಾದಿ ಅಂದ ಮೇಲೆ, ಸರಿ, ವ್ಯಾಜ್ಯ ಇದ್ದದ್ದೇ.

ವೈಫೈ ಹಿಡಿಯಲು ಡ್ರೈವರ್ ಬೇಕು,
ಡ್ರೈವರ್ ಇಳಿಸಲು ವೈಫೈ ಬೇಕು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಫೋನಿಗೆ ತಂತಿ ಸಿಕ್ಕಿಸಿ ನನ್ನ ವಾರದ ಡೇಟಾ ಸುರಿದೆ;
ಎಂಬತ್ತಮೂರು ಶೇಕಡಕ್ಕೆ ಡಬ್ಬಿ ತಳ ಕಂಡಿತು.

ಒಂದು ನಕ್ಷೆ ಬಿಡಿಸಲು ಒಂದು ಪ್ಯಾಕೇಜು,
ಅದಕ್ಕೆ ಇನ್ನೊಂದರ ಜಾಮೀನು, ಅದಕ್ಕೆ ಮತ್ತೊಂದರದು.
ಹನ್ನೊಂದನೆಯದು ತಲೆಯಾಡಿಸಿತು:
ನಾನು ಹಳಬ, ಈ ಹೊಸಬನ ಪಂಕ್ತಿಯಲ್ಲಿ ಕೂರಲಾರೆ.

ಅಳಿಸಿದೆ. ಮಿಂಟ್ ಹಾಕಿದೆ. ಅಳಿಸಿದೆ.
ಸೌಂಡು ಬಂದರೆ ಪರದೆ ಇಲ್ಲ. ಡೆಬಿಯನ್ ಹಾಕಿದೆ.
ಪ್ರತಿ ಸಲ ಅದು ವಿನಯದಿಂದ ಕೇಳುತ್ತದೆ, ಯಾವ ಊರು?
ಪ್ರತಿ ಸಲ ವಿಂಡ್‌ಹುಕ್ ಒತ್ತುತ್ತೇನೆ.
ಗೊತ್ತಿದೆ ಎಂಬಂತೆ ಭೂಪಟದಲ್ಲಿ ಒಂದು ಚುಕ್ಕೆ ಮಿನುಗುತ್ತದೆ.

ದಶಮಾಂಶಕ್ಕೆ ಇಲ್ಲಿ ನಾವು ಅಲ್ಪವಿರಾಮ ಇಡುವವರು.
ಯಂತ್ರ ಅದನ್ನು ಧೂಳೆಂದು ಒರೆಸಿಹಾಕಿತು.
ಎರಡೂವರೆ ಲೀಟರು ಇಪ್ಪತ್ತೈದಾಯಿತು,
ಒಂದು ಗಳಿಗೆ ನಮೀಬ್ ತುಂಬಿದ ಕೆರೆ,
ನಾನು ಅದರ ದಡದಲ್ಲಿ ಕಾಫಿ ಹೀರುತ್ತಿದ್ದೆ.

ಶುಕ್ರವಾರ ರಾತ್ರಿ, ಕೊನೆಗೂ, ನಕ್ಷೆ.
ಬಡಗಲಲ್ಲಿ ಅಂಗೋಲದ ಚುಕ್ಕೆಗಳು,
ತೆಂಕಲಲ್ಲಿ ದಕ್ಷಿಣ ಆಫ್ರಿಕದವು.
ನಡುವೆ ಬಿಳಿ.

ನನ್ನ ದೇಶದ ಎರಡಕ್ಷರದ ಗುರುತು ಎನ್, ಎ.
ಈ ಯಂತ್ರದ ಮಾತಿನಲ್ಲಿ ಎನ್‌ಎ ಅಂದರೆ: ಇಲ್ಲ.
ಸಿಕ್ಕಿಲ್ಲ. ಬರೆದಿಲ್ಲ. ಬಿಟ್ಟುಹೋಗಿದೆ.
ಆರು ಸಾವಿರದ ನಾನೂರು ಸಾಲು
ಸದ್ದಿಲ್ಲದೆ ಕೆಳಗಿಳಿಸಿತ್ತು.
ಆ ಸಾಲುಗಳಲ್ಲಿ ಹುಸೆಬ್ ಇದ್ದ,
ಕೈಸೆಬ್ ಒಣಹೊಳೆಯ ಗುಂಟ ನಸುಕಿಗೇ ನಡೆದು
ಅಂಕಿಯ ಪಕ್ಕ ದಿನವೂ ರುಜು ಹಾಕುತ್ತಿದ್ದವನು,
ಜ್ವರ ಬಂದ ದಿನ ಸೊನ್ನೆ ಬರೆಯದೆ
"ನಾನು ಹೋಗಲಿಲ್ಲ" ಎಂದು ಬರೆದವನು.

ಒಂದು ಸಾಲಿನ ತಿದ್ದುಪಡಿ ಸಾಕು. ಎಲ್ಲರಿಗೂ ಗೊತ್ತಿರುವಂಥದ್ದು.
ಅದನ್ನು ಬರೆಯಲು ನಾಲ್ಕು 'ಇ' ಬೇಕಿತ್ತು,
ಬೇರೆ ಪುಟದಿಂದ ಒಂದೊಂದೇ ಹೆಕ್ಕಿ ತಂದು ಅಂಟಿಸಿದೆ.
ಎಂಟರ್ ಮಾತ್ರ ಕೂಡಲೇ ಒತ್ತಲಿಲ್ಲ.
ಆ ಬಿಳಿಯನ್ನೇ ನೋಡುತ್ತ ಕೂತೆ:
ಕರಾವಳಿಯ ಮೇಲೆ ಸರಿಯಾಗಿ
ಬೆಳಗಿನ ಕಾವಳ ಕೂರುವ ಜಾಗದಲ್ಲೇ ಇತ್ತು ಅದು,
ಸರಿಸುಮಾರು ಅದೇ ಆಕಾರ.

ಫೋನು ಅದುರಿತು. ಉವಾಜೂವ.
"ಹೊಸ ಆವೃತ್ತಿ ಬಂದಿದೆಯಂತೆ, ನೋಡಿದೆಯಾ?"